ಮಾವನವರಿಗೆ ವೀಣೆ ಕೇಳಿಸಿದ್ದು

ನನ್ನ ಹೆಂಡತಿ ಪದ್ಮಾವತಿ ವೀಣೆ ನುಡಿಸಿದರೆ ಮುಂದಿನ ಸಾಲಿಗೆ ಕೇಳಿಸುತ್ತದೆ, ಹಿಂದಿನವರು ಊಹಿಸಿಕೊಳ್ಳಬೇಕು. ತೀರ್ಥಹಳ್ಳಿಯ ಶಾಲೆಯಲ್ಲಿ ಅವಳ ಮೊದಲ ಕಚೇರಿ ಗೊತ್ತಾದಾಗ, ಹುಂಚದಿಂದ ಅವಳ ಅಪ್ಪ ಬರುತ್ತೇನೆಂದು ಹೇಳಿ ಕಳಿಸಿದರು. ವೀಣೆ ಕೊಡಿಸಿ ಪಾಠ ಹೇಳಿಸಿದವರು ಅವರೇ. ಈಗ ಕಿವಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಪೂರ್ತಿ ಮುಚ್ಚುವ ಮೊದಲು ಮಗಳ ವೀಣೆ ಒಮ್ಮೆ ಕೇಳಬೇಕೆಂಬುದು ಅವರ ಆಸೆ.

ನಾನಿದ್ದೇನಲ್ಲ! ವಿಜ್ಞಾನದಲ್ಲಿ ನನ್ನ ಜ್ಞಾನ ಅಪಾರ. ಟಾರ್ಚಿಗೆ ಸೆಲ್ ಹಾಕಲು ಬರುತ್ತಿತ್ತು.

ಸಾಗರದಿಂದ ಬ್ಯಾಟರಿಯ ಮೈಕ್ ಸೆಟ್ ತಂದೆ. ಜೋಡಿಸಿಕೊಡಲು ಜೊತೆಗೆ ಬರುತ್ತೇನೆಂದ ಅಂಗಡಿಯ ಆಳನ್ನು ಬೇಡವೆಂದೆ. ಮೈಕನ್ನು ವೀಣೆಗೆ ಕಟ್ಟಿದೆ. ವೈರು ಗಿಡ್ಡವಾಗಿತ್ತು. ಹಾಗಾಗಿ ಸದ್ದು ದೊಡ್ಡದು ಮಾಡುವ ವಾಲ್ವಿನ ಪೆಟ್ಟಿಗೆಯನ್ನೇ ವೀಣೆಯ ಮಗ್ಗುಲಿಗೆ ತಂದಿಟ್ಟು, ಚಾಲೂ ಮಾಡಿ, ಅಧ್ಯಕ್ಷರ ಭಾಷಣ ಮುಗಿದ ಮೇಲೆ ವಿಧ್ಯುಕ್ತವಾಗಿ ಅನಾವರಣ ಮಾಡೋಣವೆಂದು ಎರಡಕ್ಕೂ ಸೇರಿಸಿ ನನ್ನ ಮದುವೆಯ ಶಾಲು ಹೊದಿಸಿದೆ.

"ಪೆಟ್ಟಿಗೆ ಒಲೆ ಹಾಗೆ ಕಾಯ್ತಿದೆ, ದೂರ ಇಡ್ರೀ" ಎಂದಳು ಪದ್ಮ.

"ನಿಂಗೆಂತ ಗೊತ್ತು? ಬಿಸಿಯಾದಷ್ಟೂ ಸ್ವರ ಗಟ್ಟಿ ಬರ್ತದೆ."

ಅಧ್ಯಕ್ಷರು ಕದಂಬರಿಂದ ಹೊರಟು ಹೊಯ್ಸಳರನ್ನು ಮುಟ್ಟುವಷ್ಟರಲ್ಲಿ ಸಭೆ ಆಕಳಿಸುತ್ತಿತ್ತು. ಕೊನೆಗೂ ಶಾಲು ಎಳೆದೆ. ಪದ್ಮ ತಂತಿ ಒತ್ತಿದಳು.

ವೀಣೆಯ ತಂತಿಯಡಿ ಸ್ವರಕ್ಕೊಂದರಂತೆ ಇರುವ ಹಿತ್ತಾಳೆ ಮೆಟ್ಟುಗಳು ಕೂತಿರುವುದು ಮೇಣದಲ್ಲಿ. ಶಾಲಿನೊಳಗಿನ ಕಾವಿಗೆ ಆ ಮೇಣ ಮೆತ್ತಗಾಗಿತ್ತು. ಒತ್ತಿದ ಮೆಟ್ಟು ಒಂದು ಅತ್ತ ಜಾರಿತು, ಇನ್ನೊಂದು ಇತ್ತ ವಾಲಿತು. ಧ್ವನಿವರ್ಧಕ ಮಾತ್ರ ಕರ್ತವ್ಯದಲ್ಲಿ ಕಿಂಚಿತ್ತೂ ಲೋಪವೆಸಗಲಿಲ್ಲ! ಒಂದೊಂದು ಅಪಸ್ವರವನ್ನೂ ಬಸ್ ಸ್ಟ್ಯಾಂಡಿನವರೆಗೆ ಮುಟ್ಟಿಸಿತು. ಮಾವನವರನ್ನು ಅದರ ಬಾಯಿಗೇ ಕೂರಿಸಿದವನು ನಾನು. ಪದ್ಮ ಕೈ ತೆಗೆದು ತಲೆ ತಗ್ಗಿಸಿ ಕೂತಳು.

ತಪ್ಪು ಅವಳದಲ್ಲ, ಮೇಣ ಕರಗಿತು ಎಂದು ಮಾವನವರ ಕಿವಿಯಲ್ಲಿ ಕೂಗಿದೆ. ನನ್ನ ಕೂಗು ಅವರಿಗೆ ಕೇಳಿಸಲಿಲ್ಲ. ಭುಜ ತಟ್ಟಿದರು.

"ಮೈಕ್ ತಂದು ಉಪಕಾರ ಮಾಡಿದ್ರಿ, ಅಳಿಯಂದ್ರೆ. ಎಲ್ಲ ಸ್ಪಷ್ಟ ಕೇಳಿಸ್ತು. ಅವಳಿಗೆ ವಿದ್ಯೆ ಹತ್ತಲಿಲ್ಲ. ನೀವು ಬೈಬೇಡಿ ಅವಳಿಗೆ."

ಪದ್ಮ ಅಲ್ಲೇ ಇದ್ದಳು. ನನಗೆ ಭೂಮಿಗಿಳಿದು ಹೋದಂತಾಯಿತು. ನಡೆದದ್ದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿದೆ. ಓದಿದರು. ಹೆಂಡತಿಯ ಮಾನ ಕಾಪಾಡಲು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವ ಅಳಿಯ ಸಿಕ್ಕಿದ್ದು ಪುಣ್ಯವೆಂದು ಕಣ್ಣೊರೆಸಿಕೊಂಡರು!

ವೀಣೆಗೆ ಹೊಸ ಮೇಣ ಹಾಕಿಸುವಷ್ಟರಲ್ಲಿ ಮಾವನವರ ಕಿವಿ ಪೂರ್ತಿ ಹೋಯಿತು. ನಾನು ತೆಪ್ಪಗಿದ್ದಿದ್ದರೆ ಅವರು ಅಂದು ಏನೂ ಕೇಳಿಸದೆ, ಮಗಳ ಬೆರಳು ನೋಡಿಕೊಂಡೇ ಭೇಷ್ ಎಂದು ಊರಿಗೆ ಹೋಗುತ್ತಿದ್ದರು. ಈಗ ಹುಂಚದಲ್ಲಿ ಭೇಷ್ ಎನಿಸಿಕೊಳ್ಳುತ್ತಿರುವವನು ನಾನೊಬ್ಬನೇ.