ಹುಡುಗನ ನಡತಿ ಹೆಂಗ?

ಆವತ್ತು ಬಂದ ಪೊಲೀಸಪ್ಪ ಖಾಕಿ ಹಾಕಿಕೊಂಡು ಬಂದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಅವನು ಚೌಕಡಿ ಅಂಗಿ ತೊಟ್ಟು, ಕಂಕುಳಲ್ಲಿ ಒಂದು ಫೈಲು ಇರುಕಿಕೊಂಡು, ಬಾಗಲಕೋಟೆ ನವನಗರದ ಆ ಓಣಿಗೆ ಬೆಳಗಿನ ಹತ್ತಕ್ಕೆ ಬಂದ. ಕಟ್ಟೆಯ ಮೇಲೆ ಕೂತವರನ್ನು ಮೆಲ್ಲಗೆ ಕೇಳಿದ.

"ದುಂಡೇಶ ಅನ್ನೋ ಹುಡುಗ ಇಲ್ಲೇ ಇರ್ತಾನೇನ್ರಿ? ಹುಡುಗನ ನಡತಿ ಹೆಂಗ?"

ನಮ್ಮ ಕಡೆ ಹೀಗೆ ಕೇಳುತ್ತ ಬರುವವರು ಹೆಣ್ಣಿನ ಕಡೆಯವರು. ಕಟ್ಟೆಯ ಮೇಲಿದ್ದ ಮೂವರೂ ಸೆಟೆದು ಕೂತರು.

ಆ ಹೊತ್ತಿಗೆ ದುಂಡೇಶ ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಬೆವರುತ್ತ ಕೂತಿದ್ದ. ಅವನಿಗೆ ಮೂವತ್ತನಾಲ್ಕು ವಯಸ್ಸು. ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ, ಹತ್ತು ವರ್ಷದಿಂದಲೂ ಅತಿಥಿಯೇ. ಆದರೆ ಅವನ ಜೀವ ಇದ್ದದ್ದು ಶನಿವಾರದ ಸಂಜೆಯಲ್ಲಿ. ರಾಯಭಾರ ಕಚೇರಿಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ, ಪತ್ರಿಕೆಗಳ ವಿದೇಶ ವಿಭಾಗದಲ್ಲಿ ಆಗಷ್ಟೇ ಕಾಲಿಟ್ಟ ಹುಡುಗ ಹುಡುಗಿಯರದೊಂದು ಬಳಗವನ್ನು ಅವನು ಆರು ವರ್ಷದಿಂದ ಪುಕ್ಕಟೆಯಾಗಿ ನಡೆಸುತ್ತಿದ್ದ. ಬಳಗದವರೆಲ್ಲ ಲ್ಯಾಪ್‌ಟಾಪಿನಲ್ಲಿ ಸೇರುತ್ತಿದ್ದರು. ಒಬ್ಬರ ಬರಹ ಇನ್ನೊಬ್ಬರು ತಿದ್ದುವುದು, ಸಂದರ್ಶನದ ತಾಲೀಮು ಕೊಡುವುದು, ನಿವೃತ್ತ ರಾಯಭಾರಿಗಳನ್ನು ಕರೆಸಿ ಮಾತಾಡಿಸುವುದು ಅಲ್ಲಿನ ಕೆಲಸ. ಅವನಿಂದ ತಾಲೀಮು ಪಡೆದವರು ಒಬ್ಬೊಬ್ಬರಾಗಿ ಜಿನೀವಾ, ನೈರೋಬಿ, ಟೋಕಿಯೋ ಅಂತ ಹಾರಿದರು. ಅಲ್ಲಿಂದ ಫೋಟೋ ಕಳಿಸಿದರು. ದುಂಡೇಶ ಎಲ್ಲದಕ್ಕೂ "ಭಾಳ ಚೊಲೋ" ಅಂತ ಬರೆದ, ಫೋಟೋಗಳನ್ನು ಎರಡೆರಡು ಸಲ ನೋಡಿದ.

ಅವನ ಪಾಸ್‌ಪೋರ್ಟು ಮಾತ್ರ ಹತ್ತು ವರ್ಷ ಟ್ರಂಕಿನಲ್ಲಿದ್ದು, ಯಾವ ದೇಶದ ಸಿಕ್ಕಾ ಒತ್ತಿಸಿಕೊಳ್ಳದೆ, ಹೋದ ತಿಂಗಳು ಅವಧಿ ತೀರಿಕೊಂಡಿತ್ತು. ಅವನು ನೋಡಿದ ದೊಡ್ಡ ನೀರೆಂದರೆ ಹಳೇ ಬಾಗಲಕೋಟೆಯನ್ನು ನುಂಗಿದ ಅಣೆಕಟ್ಟಿನ ಹಿನ್ನೀರು ಒಂದೇ. ಅದರ ಚಿತ್ರವನ್ನೇ ಬೆನ್ನ ಹಿಂದಿನ ಗೋಡೆಗೆ ಅಂಟಿಸಿಕೊಂಡು ಸಭೆಗೆ ಕೂರುತ್ತಿದ್ದ. ಎಲ್ಲರೂ ಬಂದು ಸೇರುವ ತನಕ ಹೊತ್ತು ಹೋಗಬೇಕಲ್ಲ, "ಈ ವಾರ ನೀರು ಹೇಗಿದೆ?" ಅಂತ ಯಾರಾದರೂ ಕೇಳುತ್ತಿದ್ದರು. ನೀರು ಇಳಿದು ಯಾರದೋ ಮನೆಯ ಕಟ್ಟೆ ಕಂಡದ್ದು, ರಾಜಹಂಸಗಳು ಬಂದಿಳಿದದ್ದು, ಬದಾಮಿಯ ಕೆಂಪು ಬಂಡೆಗೆ ಸಂಜೆಯ ಬಿಸಿಲು ಬಿದ್ದದ್ದು, ಮಹಾಕೂಟದ ಹೊಂಡದಲ್ಲಿ ತಾನು ಮುಳುಗಿ ಎದ್ದದ್ದು, ಹೀಗೆ ಏನಾದರೂ ಹೇಳುತ್ತಿದ್ದ. ತನ್ನ ಊರಿನ ಇಂಥ ಸುದ್ದಿ ಯಾರಿಗೆ ಬೇಕು ಅಂತ ಒಳಗೊಳಗೇ ನಾಚಿಕೆಯೂ ಆಗುತ್ತಿತ್ತು.

ಈ ವರ್ಷ ಅವನ ನಸೀಬು ತೆರೆದಿತ್ತು. ಬಳಗದ ಇಪ್ಪತ್ತೆಂಟೂ ಜನ ಮೊದಲ ಸಲ ಎದುರುಬದುರು ಸೇರುವುದೆಂದು ನಿಶ್ಚಯವಾಗಿ, ವಿಯೆನ್ನಾ ನಗರದ ಹೆಸರು ಮುಂದೆ ಬಂದಿತ್ತು. ವಿಯೆನ್ನಾದಲ್ಲಿ ರೋಹಿಣಿ ಇದ್ದಳು. ಹುನಗುಂದದ ಹುಡುಗಿ, ಧಾರವಾಡದಲ್ಲಿ ಅವನ ಜೊತೆ ಓದಿದವಳು, ಬಳಗವನ್ನು ಅವನೊಡನೆ ಕೂಡಿ ಹುಟ್ಟುಹಾಕಿದವಳು. ಅಲ್ಲಿ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಒಮ್ಮೆ ಫೋನಿನಲ್ಲಿ, "ಇಲ್ಲಿ ಎಲ್ಲಾ ಐತಿ, ಇಳಕಲ್ ಸೀರಿ ಉಡೂವಂಥ ಒಂದ್ ದಿನ ಇಲ್ಲ" ಅಂದಿದ್ದಳು. ಆ ಮಾತು ದುಂಡೇಶನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಅವಳ ಮೇಲೆ ಅವನಿಗೆ ಮನಸ್ಸಿತ್ತು. ಹೇಳಬೇಕೆಂದರೆ ಎದುರು ನಿಂತೇ ಹೇಳಬೇಕೆಂದು ಹಟ ಮಾಡಿ, ನಾಲ್ಕು ವರ್ಷ ಹೇಳದೇ ಉಳಿದಿದ್ದ.

ಊರು ಯಾವುದೆಂದು ಓಟು ಹಾಕುವ ಕಡೆಯ ದಿನವೂ ಅದೇ ಆಗಿತ್ತು, ಸಂಜೆ ಆರಕ್ಕೆ ಫಲಿತಾಂಶ. ಪಟ್ಟಿಯಲ್ಲಿ ವಿಯೆನ್ನಾದ ಕೆಳಗೆ ಇನ್ನೊಂದು ಹೆಸರಿತ್ತು. ಯಾರೋ ಚೇಷ್ಟೆಗೆ ಸೇರಿಸಿದ್ದೆಂದು ದುಂಡೇಶ ನಕ್ಕು ಬಿಟ್ಟಿದ್ದ. ಅವನಿಗೆ ಓಟೂ ಇರಲಿಲ್ಲ. ದಾಸೋಹದಲ್ಲಿ ಬಡಿಸುವವನು ಕಡೆಗೆ ಉಣ್ಣಬೇಕು ಅಂತ ಅವನ ಅಜ್ಜ ಹೇಳುತ್ತಿದ್ದ. ಅದನ್ನೇ ನೆನೆದು, ಬಳಗ ನಡೆಸುವ ಸಂಚಾಲಕ ಓಟು ಹಾಕಬಾರದು, ಓಟು ಸಮಸಮ ಬಿದ್ದರೆ ಮೊದಲ ಹೆಸರೇ ಖಾಯಂ ಎಂಬ ನಿಯಮವನ್ನು ತಾನೇ ಬರೆದಿಟ್ಟಿದ್ದ.

ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದನ್ನು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸ ಆಗುವ ತನಕ ಬಾಯಿ ಬಿಟ್ಟರೆ ದೃಷ್ಟಿ ತಾಗುತ್ತದೆಂಬ ಹೆದರಿಕೆ. ವಿಚಾರಣೆಗೆ ಬರುವ ಪೊಲೀಸಪ್ಪ "ಮಧ್ಯಾಹ್ನದ ಮ್ಯಾಲೆ ಬರ್ತೇನಿ" ಅಂತ ಫೋನು ಮಾಡಿದ್ದ. ಅಷ್ಟರಲ್ಲಿ ಸೀರೆ ತಂದುಬಿಡೋಣವೆಂದು ಇವನು ಬೆಳಗಿನ ಬಸ್ಸು ಹತ್ತಿದ. ಆದರೆ ಪೊಲೀಸರು ಹೇಳಿದ ಹೊತ್ತಿಗೆ ಎಲ್ಲಿ ಬರುತ್ತಾರೆ?

ಇತ್ತ ಕಟ್ಟೆಯ ಮೂವರ ಎದೆಯಲ್ಲಿ ಹಳೆಯ ಪಾಪವೊಂದು ಕುಟುಕುತ್ತಿತ್ತು. ಹಿಂದೆ ಮೂರು ಸಲ ಹೆಣ್ಣಿನ ಕಡೆಯವರು ಬಂದು ಕೇಳಿದಾಗ ಇವರು ಖರೆ ಹೇಳಿದ್ದರು. "ಹುಡುಗ ಚೊಲೋ, ಆದ್ರ ನೌಕರಿ ಖಾಯಂ ಇಲ್ಲ, ಅದರ ಮ್ಯಾಲೆ ಪುಕ್ಸಟ್ಟೆ ಕೆಲಸ ಬ್ಯಾರೆ ಮಾಡ್ತಾನ" ಅಂದಿದ್ದರು. ಮೂರೂ ಸಂಬಂಧ ಮುರಿದಿದ್ದವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಇನ್ನೊಮ್ಮೆ ಯಾರಾದರೂ ಬಂದರೆ ಹೊಗಳುವುದರಲ್ಲಿ ಬಾಕಿ ಇಡಬಾರದೆಂದು ಮೂವರೂ ಆಣೆ ಮಾಡಿದಂತೆ ಕಾಯುತ್ತಿದ್ದರು.

ಮೊದಲು ಬಾಯಿ ಹಾಕಿದವಳು ಶಾರವ್ವ. ಖಾನಾವಳಿ ನಡೆಸುವ ಹೆಂಗಸು, ದುಂಡೇಶ ಇದ್ದದ್ದು ಅವಳ ಮಾಳಿಗೆಯ ಕೋಣೆಯಲ್ಲೇ.

"ಅವ ಇಲ್ಲೆಲ್ಲಿ ಇರ್ತಾನ್ರಿ? ಹೆಸರಿಗೆ ಒಂದ್ ಕೋಣಿ ಅಷ್ಟ. ತಿಂಗಳಾಗ ಇಪ್ಪತ್ತ್ ದಿನ ಡೆಲ್ಲಿ, ಫಾರೆನ್ನ."

"ಇಪ್ಪತ್ತೆಂಟ್ ದೇಶದಾಗ ಅವನ ಕೈಯಾಗ ಮಂದಿ ಅದಾರ್ರಿ," ಎಂದ ಶಂಕ್ರಪ್ಪ. ಅವನು ವಿದ್ಯುತ್ ಇಲಾಖೆಯ ನಿವೃತ್ತ ಲೈನ್‌ಮನ್. "ಅವ ಫೋನ್ ಹಚ್ಚಿದ್ರ ಪಾಕಿಸ್ತಾನದಾಗೂ ಎತ್ತತಾರ."

ಮೂಲೆಯ ಟೇಲರ್ ಜಾಫರಸಾಬ ಹಿಂದೆ ಬೀಳಲಿಲ್ಲ. "ಕೋಟ್ ಎಲ್ಲಾ ನಾನ ಹೊಲಿಯೂದ್ರಿ. ಒಂದ್ ಪಾಸ್‌ಪೋರ್ಟ್ ತುಂಬಿ ಹೋಗಿ ಎರಡ್-ಮೂರ್ ಇಟ್ಕೊಂಡಾನಂತ."

ಬಂದವನು ಒಂದೊಂದು ಮಾತನ್ನೂ ಬರೆದುಕೊಂಡ. ಇಷ್ಟು ಶ್ರದ್ಧೆಯಿಂದ ಬರೆದುಕೊಳ್ಳುವ ಬೀಗರನ್ನು ಶಾರವ್ವ ಕಂಡಿರಲಿಲ್ಲ. ಖುಷಿಯಿಂದ ಚಹಾ ಕೊಟ್ಟು ಕಳಿಸಿದಳು.

ಎರಡು ಗಂಟೆಗೆ ದುಂಡೇಶ ಸೀರೆಯ ಪೊಟ್ಟಣವನ್ನು ಮಗುವಿನಂತೆ ಅವುಚಿಕೊಂಡು ಬಸ್ಸಿಳಿದು ಬಂದರೆ, ಮೂವರೂ ಅವನ ಬಾಯಿಗೆ ಕರದಂಟು ತುರುಕಿದರು.

"ಈ ಸಲ ನಿನ್ನ ಲಗ್ನ ಆದಂಗ ತಿಳಿ," ಎಂದಳು ಶಾರವ್ವ. "ಏನ್ ಕೇಳಿದ್ರು ಅಂತೀ ತಮ್ಮಾ, ಎಷ್ಟ್ ವರ್ಷದಿಂದ ಇಲ್ಲಿ ಅದಾನ, ಏನರ ಕೇಸ್ ಅದಾವೇನು, ಎಲ್ಲಾ ಕೇಳಿದ್ರು."

ದುಂಡೇಶನ ಬಾಯಿಯಲ್ಲಿ ಕರದಂಟು ಕಲ್ಲಾಯಿತು. "ಕೇಸ್ ಕೇಳಿದ್ರಾ? ಕೈಯಾಗ ಫೈಲ್ ಇತ್ತೇನವ್ವಾ?"

"ಇತ್ತು. ನಿನ್ನ ಫೋಟೋನೂ ಇತ್ತು ಅದರಾಗ."

ದುಂಡೇಶ ಅಲ್ಲೇ ಮೆಟ್ಟಿಲ ಮೇಲೆ ಕೂತ. ಬಂದವನು ಪಾಸ್‌ಪೋರ್ಟಿನ ಪೊಲೀಸಪ್ಪನೆಂದು ಅವರಿಗೆ ಬಿಡಿಸಿ ಹೇಳಿದ. ಆಮೇಲೆ ಶಂಕ್ರಪ್ಪ ಎದ್ದು ಚಪ್ಪಲಿ ಮೆಟ್ಟಿದ. "ನಡೀರಿ. ಹೇಳಿದ ಬಾಯಿಲೆ ಹಿಂದಕ್ಕ ತಗೋಳೂಣು."

ಠಾಣೆಯಲ್ಲಿ ಆ ಚೌಕಡಿ ಅಂಗಿಯವನು, ಹವಾಲ್ದಾರ ಸಂತೋಷಕುಮಾರ, ತಾನು ಬರೆದದ್ದನ್ನು ಓದಿ ತೋರಿಸಿದ. ಅರ್ಜಿದಾರ ಕೊಟ್ಟ ವಿಳಾಸದಲ್ಲಿ ವಾಸವಿಲ್ಲ. ಬಹುಪಾಲು ವಿದೇಶದಲ್ಲಿರುತ್ತಾನೆ. ಒಂದಕ್ಕಿಂತ ಹೆಚ್ಚು ಪಾಸ್‌ಪೋರ್ಟ್ ಇರುವ ಶಂಕೆ.

"ಸಾಹೇಬ್ರ, ಅದೆಲ್ಲಾ ಸುಳ್ಳರಿ," ಎಂದಳು ಶಾರವ್ವ. "ಎಂಟ್ ವರ್ಷದಿಂದ ದಿನಾ ಎರಡೂ ಹೊತ್ತು ನನ್ನ ಕೈಯಾಗ ರೊಟ್ಟಿ ಉಂಡಾನ. ಒಂದ್ ಹೊತ್ತೂ ತಪ್ಪಿಲ್ಲ."

"ಡೆಲ್ಲಿ?"

"ಡೆಲ್ಲಿ ಎಲ್ಲೀದ್ರಿ," ಎಂದ ಶಂಕ್ರಪ್ಪ. "ಕಾಲೇಜ್ ಹುಡುಗ್ರನ್ನ ಕರಕೊಂಡು ವಿಜಯಪುರಕ್ಕ ಹೋಗಿದ್ದ ಒಮ್ಮೆ."

"ಕೋಟು, ಪಾಸ್‌ಪೋರ್ಟು?"

"ಪಾಸ್‌ಪೋರ್ಟ್ ಮಾತು ನಾ ಕಟ್ಟಿ ಹೇಳಿದ್ದು, ಕೋಟೂ ಒಂದರಿ," ಎಂದ ಜಾಫರಸಾಬ. "ಐದ್ ವರ್ಷ ಆತು ಹೊಲಿದು. ಒಮ್ಮೆನೂ ಹೊರಗ ಹೋಗಿಲ್ಲ. ಲ್ಯಾಪ್‌ಟಾಪ್ ಮುಂದ ಹಾಕ್ಕೋತಾನ, ಕೆಳಗ ಲುಂಗಿನ ಇರ್ತೈತಿ."

ಶಾರವ್ವನ ದನಿ ಇಳಿಯಿತು. "ಹೋಗೂ ಆಸೆ ಮಾತ್ರ ಭಾಳ ಐತ್ರಿ. ಶನಿವಾರ ಊಟಕ್ಕ ಕರ್ಯಾಕ ಮ್ಯಾಲೆ ಹೋದ್ರ, ಮಂದಿ ಊರಿನ ಚಿತ್ರ ನೋಡ್ಕೋತ ಕುಂತಿರ್ತಾನ. ಮಾತಾಡ್ಸಿದ್ರೂ ಕೇಳಿಸಂಗಿಲ್ಲ."

ದುಂಡೇಶ ನೆಲ ನೋಡುತ್ತ ನಿಂತಿದ್ದ. ಅವನ ಇಡೀ ಬಾಳು ನಾಲ್ಕು ಮಾತಿನಲ್ಲಿ ಮುಗಿದು ಹೋಗಿತ್ತು. ಅದರಲ್ಲಿ ಒಂದು ಮಾತನ್ನೂ ಅಲ್ಲಗಳೆಯುವ ಹಾಗಿರಲಿಲ್ಲ.

ಸಂತೋಷಕುಮಾರ ಹಳೆಯದನ್ನು ಹೊಡೆದು ಹಾಕಿ ಹೊಸದಾಗಿ ಬರೆದ. ವಾಸ ಖಚಿತ, ನಡತೆ ಉತ್ತಮ. ಆಮೇಲೆ ಪೆನ್ನು ಮುಚ್ಚಿ, ಬೇಸರದಿಂದ ಹೇಳಿದ. "ನನಗ ಶೈಲಾ ಅಂತ ಒಬ್ಬಾಕಿ ತಂಗಿ ಅದಾಳ್ರಿ. ಮುಂಜಾನೆ ನೀವು ಹೇಳಿದ್ದ ಕೇಳಿ ಮನಿಗೆ ಫೋನ್ ಮಾಡಿದ್ದೆ, ಭಾರಿ ಹುಡುಗ ಸಿಕ್ಕಾನ, ಪಾಸ್‌ಪೋರ್ಟಿಂದೊಂದ್ ಭಾನಗಡಿ ಐತಿ, ಅದನ್ನ ಸರಿ ಮಾಡಿಸೂಣು ಅಂತ. ಈಗ ಮತ್ತ ಫೋನ್ ಮಾಡ್ಬೇಕು."

ಹೊರಗೆ ಬಂದಾಗ ಆರಕ್ಕೆ ಹತ್ತು ನಿಮಿಷವಿತ್ತು. ದುಂಡೇಶನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಪಾಸ್‌ಪೋರ್ಟು ಬರುತ್ತದೆ. ಅದರ ಮೊದಲ ಪುಟದಲ್ಲಿ ವಿಯೆನ್ನಾದ ಸಿಕ್ಕಾ ಬೀಳುತ್ತದೆ. ರೋಹಿಣಿ ನಿಲ್ದಾಣಕ್ಕೆ ಬರುತ್ತಾಳೆ. ಮೊದಲು ಸೀರೆ ಕೊಡುವುದೋ, ಮೊದಲು ಮಾತು ಹೇಳುವುದೋ ಅಂತ ಆಟೋದಲ್ಲಿ ಕೂತು ಯೋಚಿಸಿದ. ಓಣಿ ಬರುವಷ್ಟರಲ್ಲಿ ಫೋನು ಟಿಂಗೆಂದಿತು.

ಓಟಿನ ಫಲಿತಾಂಶ ಬಂದಿತ್ತು. ಹದಿನಾಲ್ಕು, ಹದಿಮೂರು. ಗೆದ್ದದ್ದು ಎರಡನೆಯ ಹೆಸರು, ಬಾಗಲಕೋಟೆ.

ಹಿಂದೆಯೇ ಸಾಲುಸಾಲಾಗಿ ಮಾತುಗಳು ಬಂದವು. ಕೊನೆಗೂ ಆ ನೀರನ್ನು ಕಣ್ಣಾರೆ ನೋಡುತ್ತೇವೆ ಅಂತ ಒಬ್ಬ. ರಾಜಹಂಸಗಳಿಗೆ ಹೇಳಿಡು, ಬರುತ್ತಿದ್ದೇವೆ ಅಂತ ಇನ್ನೊಬ್ಬಳು. ಆರು ವರ್ಷದಿಂದ ನಿನ್ನ ಊರಿನ ಕನಸು ಬೀಳುತ್ತಿತ್ತು ಅಂತ ನೈರೋಬಿಯವನು. ನಿನಗೆ ಪ್ರಯಾಣದ ದಣಿವೂ ತಪ್ಪಿತು ನೋಡು ಅಂತ ಟೋಕಿಯೋದವಳು.

ದುಂಡೇಶ ಮಾಳಿಗೆಗೆ ಹೋಗಿ ಕೂತ. ತಾನೊಂದು ಓಟು ಹಾಕಿದ್ದರೆ ಸಮಸಮ ಆಗಿ ವಿಯೆನ್ನಾ ಉಳಿಯುತ್ತಿತ್ತು ಎಂಬ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಆದರೂ ಒಂದು ಸಮಾಧಾನವಿತ್ತು, ರೋಹಿಣಿಯೂ ಬರುತ್ತಾಳೆ. ಅಷ್ಟರಲ್ಲಿ ಅದೇ ಸಮಾಧಾನದ ಫೋನು ಬಂತು.

"ಸಿಟ್ಟ ಬಂತೇನು ದುಂಡೇಶ?" ಎಂದಳು ರೋಹಿಣಿ.

"ಯಾಕ ಬರ್ಲಿ. ಎಲ್ಲಾರೂ ಬರ್ತೀರಿ. ನೀನೂ ಬರ್ತಿ."

"ಆ ಹದಿನಾಲ್ಕನೇ ಓಟು ನಂದು. ನಾಲ್ಕ್ ವರ್ಷ ಆತು ಊರು ನೋಡಿ. ಪ್ರತಿ ಶನಿವಾರ ನೀ ನೀರಿನ ಸುದ್ದಿ ಹೇಳ್ತಿ, ನಾ ಕ್ಯಾಮೆರಾ ಬಂದ್ ಮಾಡಿ ಅಳ್ತೇನಿ. ಊರಿಗೆ ಬರೂ ಆಸೆಗೆ ಹಾಕಿಬಿಟ್ಟೆ. ಹಾಕಿದ ಮ್ಯಾಲೆ ರಜಾ ಕೇಳಾಕ ಹೋದೆ. ನೀವೆಲ್ಲಾ ಸೇರೂ ವಾರದಾಗನ ನಮ್ಮ ಆಫೀಸಿಂದು ದೊಡ್ಡ ಸಭಾ ಐತಂತ, ಕೊಡಂಗಿಲ್ಲ ಅಂದ್ರು. ಉಳಿದಾವ್ರೆಲ್ಲಾ ಬರ್ತಾರ. ನಾ ಒಬ್ಬಾಕಿನ ಇಲ್ಲೇ."

"ನಾನೂ ಇಲ್ಲೇ," ಎಂದ ದುಂಡೇಶ. ನಾಲ್ಕು ವರ್ಷ ಕೂಡಿಟ್ಟ ಮಾತು ಗಂಟಲ ತನಕ ಬಂದಿತ್ತು. ಬಂದದ್ದು ಬೇರೆ ಮಾತು. "ನಿನಗೊಂದ್ ಸೀರಿ ತಂದೀನಿ. ಬಂದಾವ್ರು ತಿರುಗಿ ಹೋಗಾಗ ಯಾರ ಚೀಲದಾಗರ ಇಟ್ಟ ಕಳಿಸ್ತೇನಿ."

"ಹೂಂ," ಎಂದಳು ಅವಳು. ಆಮೇಲೆ, "ನೀರು ಹೆಂಗೈತಿ ಈ ವಾರ?" ಅಂತ ಕೇಳಿದಳು. ಅವನು ಹೇಳಿದ. ಅವಳು ಅಳುವುದು ಈ ಸಲ ಅವನಿಗೆ ಕೇಳಿಸಿತು.

ಫೋನು ಇಟ್ಟು ತಿರುಗಿದರೆ ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಕದ್ದು ಕೇಳಿದೆವೆಂಬ ಸಂಕೋಚ ಒಬ್ಬರ ಮುಖದಲ್ಲೂ ಇರಲಿಲ್ಲ. ಇಪ್ಪತ್ತಾರು ಮಂದಿಗೆ ಎಷ್ಟು ರೊಟ್ಟಿ ಬಡಿಯಬೇಕಾದೀತೆಂದು ಶಾರವ್ವ ಆಗಲೇ ಬೆರಳು ಎಣಿಸುತ್ತಿದ್ದಳು. ಶಂಕ್ರಪ್ಪ ಸೀರೆಯ ಪೊಟ್ಟಣವನ್ನು ನೋಡಿದ, ದುಂಡೇಶನ ಮುಖ ನೋಡಿದ.

"ಆಕಿ ಅಪ್ಪ ಅವ್ವ ಹುನಗುಂದದಾಗ ಅದಾರೇನು?"

"ಅದಾರ. ಯಾಕ ಕಾಕಾ?"

"ನಾಳೆ ಹೋಗಿ ಮಾತಾಡಿ ಬರ್ತೇನಿ."

ದುಂಡೇಶನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಹೋಗಿ ಏನ್ ಹೇಳ್ತಿ? ಮುಂಜಾನೆ ಹೇಳಿದ್ದ ಹೇಳ್ತಿಯೋ, ಸಂಜೀಕ ಹೇಳಿದ್ದ ಹೇಳ್ತಿಯೋ?"

ಶಂಕ್ರಪ್ಪ ಮೆಟ್ಟಿಲ ಪಕ್ಕದ ಗೋಡೆಗೆ ಒರಗಿದ.

"ಎರಡೂ ಹೇಳಂಗಿಲ್ಲೋ," ಎಂದ. "ಹುಡುಗ ಭಾಳ ದಿವಸದಿಂದ ದಾರಿ ಕಾಯಾಕತ್ತಾನ ಅಂತ ಹೇಳ್ತೇನಿ. ಅದರಾಗ ಏನೂ ಸುಳ್ಳಿಲ್ಲಲ್ಲ."