ಯಜಮಾನತಿಯ ತಲೆ

ಊರವರೆಲ್ಲ ಕತ್ತರಿ ಮಾವ ಎಂದು ಕರೆಯುವ ಕ್ಷೌರಿಕನ ಕೈಗೆ ಸಿಗಬಾರದ ವಸ್ತು ಸಿಕ್ಕಿದ್ದು ಬೆಳಿಗ್ಗೆ ಒಂಬತ್ತೂವರೆಗೆ. ಅದು ಕೂದಲನ್ನು ನೆಟ್ಟಗೆ ಮಾಡುವ ಕರೆಂಟಿನ ಇಕ್ಕಳ. ಅಂಗಡಿಯ ಅರ್ಧಕ್ಕೆ ಪರದೆ ಇಳಿಬಿಟ್ಟು ಸೊಸೆ ಹೆಂಗಸರಿಗೆಂದು ನಡೆಸುತ್ತಿದ್ದ ಭಾಗದಲ್ಲಿ ಇಂಥ ಸಾಮಾನು ಏಳೆಂಟಿದ್ದವು. ಮೂವತ್ತೆರಡು ವರ್ಷ ಬಾಚಣಿಗೆ, ಕತ್ತರಿ, ಕತ್ತಿಯಲ್ಲೇ ಊರಿನ ತಲೆಗಳನ್ನು ನಿಭಾಯಿಸಿದ್ದ ಮಾವ ಆ ಕಡೆ ಕಾಲಿಟ್ಟವನಲ್ಲ. ಇವತ್ತು ಸೊಸೆ ತನ್ನ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಿದ್ದಳು. ಕುರ್ಚಿಯಲ್ಲಿ ಬಂದು ಕೂತವರು ಕಟ್ಟಡದ ಯಜಮಾನತಿ.

"ಹನ್ನೊಂದಕ್ಕೆ ನಾವು ಅಕ್ಕತಂಗೀರೆಲ್ಲ ಸೇರಿ ಫೋಟೊ ತೆಗೆಸ್ಕೋತೀವಿ. ಕೂದಲು ರೇಷ್ಮೆ ಹಾಗೆ ಇಳೀಬೇಕು. ಹಾಗೇ ನಿನ್ನ ಅಂಗಡಿ ಕರಾರಿನ ವಿಷಯಾನೂ ಇವತ್ತೇ ಹೇಳ್ಬಿಡ್ತೀನಿ. ಮೊಬೈಲ್ ಅಂಗಡಿಯೋನು ಜಾಗ ಕೇಳ್ತಾ ಇದಾನೆ."

ಸೊಸೆ ಇಲ್ಲ ಅನ್ನುವ ಮಾತು ಮಾವನ ಗಂಟಲವರೆಗೆ ಬಂದು, ಕರಾರಿನ ಹೆಸರು ಕೇಳಿ ವಾಪಸ್ಸು ಇಳಿಯಿತು.

ಯಾವ ಕೆಲಸಕ್ಕೂ ಮೊದಲು ತಲೆಗೆ ಎಣ್ಣೆ. ಇದು ಮಾವನ ಪದ್ಧತಿ. ಧಾರಾಳವಾಗಿ ಎಣ್ಣೆ ತಿಕ್ಕಿ, ಇಕ್ಕಳ ಕಾದಿದೆಯೋ ಎಂದು ಹೆಂಡತಿ ಹಂಚನ್ನು ನೋಡುವ ಹಾಗೆ ಒಂದು ಹನಿ ನೀರು ಸಿಡಿಸಿದ. ಚುಂಯ್ ಅಂದಿತು. ಸಮಾಧಾನದಿಂದ ಒಂದು ಎಳೆ ಹಿಡಿದು ಎಳೆದ. ಬುಸ್ಸನೆ ಹೊಗೆ ಎದ್ದಿತು.

"ಏನೋ ಅದು ವಾಸನೆ?"

"ಆವಿ ಅಮ್ಮಾ. ಈಗೆಲ್ಲ ಆವಿ ಕೊಡ್ತಾರೆ," ಎನ್ನುತ್ತ ಮಾವ ಕುರ್ಚಿಯನ್ನು ಕನ್ನಡಿಯಿಂದ ಗೋಡೆಯ ಕಡೆಗೆ ತಿರುಗಿಸಿದ.

ಪರದೆಯ ಸಂದಿಯಿಂದ ಪಕ್ಕದಂಗಡಿಯ ದರ್ಜಿ ತಲೆ ತೂರಿಸಿದ. "ಇಸ್ತ್ರಿಗೆ ಮುಂಚೆ ನೀರು ಚಿಮುಕಿಸ್ಬೇಕು ಕಣೋ, ಅಷ್ಟೂ ಗೊತ್ತಿಲ್ವಾ?" ಎಂದು ಪಿಸುಗುಟ್ಟಿ, ತನ್ನ ಬಾಟಲಿ ತಂದು ಪುಸುಪುಸು ಹೊಡೆದ. ಅದು ಅಂಗಿಯ ಕಾಲರಿಗೆ ಹಾಕುವ ಗಂಜಿನೀರು ಎಂಬುದು ಅವನಿಗೆ ಬಾಟಲಿ ಅರ್ಧವಾದ ಮೇಲೆ ನೆನಪಾಯಿತು. ಕೂದಲು ಕಡ್ಡಿ ಕಡ್ಡಿಯಾಗಿ ಸೆಟೆದು ನಿಂತಿತು.

ಮಾವ ಮೂಲೆಗೆ ಹೋಗಿ ಸೊಸೆಗೆ ಫೋನ್ ಮಾಡಿ, ಇಕ್ಕಳ ಹಿಡಿಯೋದು ಹೇಗೆಂದು ಕೇಳಿದ.

"ಇಕ್ಕಳ ಮುಟ್ಟೋದಾದ್ರೆ ಎಣ್ಣೆ ಮಾತ್ರ ಹಚ್ಬೇಡಿ ಮಾವಾ!"

"ಆಮೇಲೆ?"

"ಒದ್ದೆ ಕೂದಲಿಗಂತೂ ತಾಗಿಸ್ಲೇಬೇಡಿ."

"ಇದನ್ನ ನಿನ್ನೆ ಹೇಳೋಕೇನಾಗಿತ್ತಮ್ಮ?" ಎಂದು ಮಾವ ಫೋನ್ ಇಟ್ಟ.

ಅಷ್ಟರಲ್ಲಿ ಎದುರಿನ ಸೈಕಲ್ ರಿಪೇರಿಯವನು ಒಳಗೆ ಬಂದಾಗಿತ್ತು. "ಗಾಳಿ ಕಮ್ಮಿ ಆಗಿದೆ," ಅಂದವನೇ ಡ್ರೈಯರನ್ನು ಕೊನೆಯ ನಂಬರಿಗೆ ತಿರುಗಿಸಿ ಬುಡದಿಂದ ಊದಿಸಿದ. ದರ್ಜಿ, ಕೂದಲು ಉಬ್ಬಿಸುವ ನೊರೆಯ ಡಬ್ಬಿಯನ್ನು ಸೋಪೆಂದು ಭಾವಿಸಿ ಗಂಜಿ ತೊಳೆಯಲು ಇಡೀ ತಲೆಗೆ ಮೆತ್ತಿದ. ಯಜಮಾನತಿಯ ತಲೆ ನೋಡನೋಡುತ್ತ ಹೂಕೋಸಿನಂತೆ ಅರಳತೊಡಗಿತು. ಮಾವ ಬಾಚಣಿಗೆ ಹಾಕಿದ. ಎರಡು ಹಲ್ಲು ಒಳಗೇ ಉಳಿದವು.

"ಗಂಟೆ ಹತ್ತೂಮುಕ್ಕಾಲಾಯ್ತು. ತಿರುಗಿಸೋ ಕುರ್ಚಿ!"

ಮಾವ ಕಣ್ಣು ಮುಚ್ಚಿ ಕುರ್ಚಿ ತಿರುಗಿಸಿದ. ಸೈಕಲ್‌ನವನು ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

ಯಜಮಾನತಿ ಕನ್ನಡಿಯ ಹತ್ತಿರಕ್ಕೆ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ ನೆತ್ತಿ ಮುಟ್ಟಿಕೊಂಡರು. "ನನ್ನ ಬೋಳು ಎಲ್ಲೋಯ್ತು?"

"ಅಮ್ಮಾ..."

"ಹನ್ನೆರಡು ವರ್ಷದಿಂದ ಸೆರಗು ಹೊದ್ದು ಮುಚ್ಕೋತಿದ್ದೆ ಕಣೋ! ಈಗ ಹುಡುಕಿದ್ರೂ ಕಾಣಲ್ಲ! ನಮ್ಮ ಅಕ್ಕ ಹೊಟ್ಟೆ ಉರ್ಕೊಂಡೇ ಸಾಯ್ತಾಳೆ ಇವತ್ತು!"

ಮಾವನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅಮ್ಮಾ, ಅಂಗಡಿ ಕರಾರು..."

"ಮೊಬೈಲ್‌ನೋನಿಗೆ ಕೊಡೋ ಮಾತೇ ಇಲ್ಲ."

ದರ್ಜಿ ಮಾವನ ಬೆನ್ನು ಚಪ್ಪರಿಸಿದ.

"ಇಂಥ ವಿದ್ಯೆಗೆ ಜನ ಮುಗಿಬೀಳ್ತಾರೆ," ಯಜಮಾನತಿ ಮುಂದುವರಿಸಿದರು. "ಇದನ್ನ ಹೊರಗಿನೋರಿಗೆ ಯಾಕೆ ಬಿಡ್ಲಿ? ಮನೇಲಿ ನನ್ನ ಮಗಳು ಸುಮ್ನೆ ಕೂತಿದಾಳೆ. ಬರೋ ತಿಂಗಳಿಂದ ಇಲ್ಲಿ ಅವಳದೇ ಪಾರ್ಲರ್. ನಿಂಗೂ ವಯಸ್ಸಾಯ್ತು, ಖಾಲಿ ಮಾಡ್ಬಿಡು. ನಾಳೆ ಅವಳನ್ನ ಕಳಿಸ್ತೀನಿ, ಇವತ್ತು ಮಾಡಿದ್ದನ್ನ ಒಂದೂ ಬಿಡದ ಹಾಗೆ ಕಲಿಸ್ಕೊಡು. ಸರಿಯಾಗಿ ಬಂದ್ರೆ ನಿನ್ನ ಸೊಸೇನ ಕೆಲಸಕ್ಕಿಟ್ಕೊಳ್ಳೋದು ನೋಡೋಣ."

ಅವರು ತಲೆ ಅಲುಗದಂತೆ, ತುಂಬಿದ ಕೊಡ ಹೊತ್ತವರ ಹಾಗೆ ನಡೆದು ಹೋದರು.

ಮಾವ ಖಾಲಿ ಕುರ್ಚಿಯಲ್ಲಿ ಕುಸಿದ. ಹಲ್ಲು ಮುರಿದ ಬಾಚಣಿಗೆಯನ್ನು ನೋಡುತ್ತ ಕೇಳಿದ:

"ಮೊದಲು ಗಂಜಿ ಹಾಕಿದ್ವೋ, ಗಾಳಿ ಹೊಡೆದ್ವೋ?"

ದರ್ಜಿ ಸೈಕಲ್‌ನವನ ಮುಖ ನೋಡಿದ. ಸೈಕಲ್‌ನವನು ಗಂಭೀರವಾಗಿ ಯೋಚಿಸಿ ಹೇಳಿದ:

"ಮೊದಲು ಬಂದಿದ್ದು ಹೊಗೆ."