ಕಾಕಾನ ಗಾಡಿಯ ಕೆಂಪು ದೀಪ

ನಮ್ಮ ಕಾಕಾ ಹಾವಿಗೆ ಹೆದರುವವನಲ್ಲ, ಪೊಲೀಸರಿಗೆ ಹೆದರುವವನಲ್ಲ, ಹೆಂಡತಿಗಂತೂ ಹೆದರುವವನೇ ಅಲ್ಲ! (ಕೊನೆಯದು ಅವನದೇ ಹೇಳಿಕೆ, ಕಾಕಿ ಅಡಿಗೆಮನೆಯಲ್ಲಿದ್ದಾಗ ಮೆಲ್ಲಗೆ ಹೇಳಿದ್ದು.) ಅವನು ಹೆದರುವುದು ಒಂದೇ ಒಂದಕ್ಕೆ. ಅದು ಕಡಲೆಕಾಳಿನಷ್ಟಿದೆ, ಕೆಂಪಗಿದೆ, ಅವನ ಕಾರಿನ ಸ್ಟೇರಿಂಗಿನ ಹಿಂದೆ ಕೂತಿದೆ. ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಇಳಿದರೆ ಹತ್ತುವ ದೀಪ ಅದು; ಹತ್ತಿದ ಮೇಲೂ ಓಡಿಸಿದರೆ ಎಂಜಿನ್ನೇ ಹೋದಂತೆ.

ಇದಕ್ಕೆ ಕಾರಣವಿದೆ. ಕಾಕಾ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿದು ಇಳಿದು ನಿವೃತ್ತನಾದವನು. ಅಲ್ಲಿ ಕೆಂಪು ದೀಪ ಹತ್ತಿತೆಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ಎಲ್ಲರೂ ಒಂದೆಡೆ ನಿಂತು ಹಾಜರಿ ಹೇಳಬೇಕು. ಯಾಕೆ, ಏನು ಎಂದು ಕೇಳುವುದೆಲ್ಲ ಮೇಲೆ ಬಂದ ಮೇಲೆ! ಲಿಂಗಸುಗೂರಿಗೆ ಬಂದು ನೆಲೆಸಿದ ಮೇಲೂ ಆ ಶಿಸ್ತು ಬಿಡಲಿಲ್ಲ. ಕಾಕಿಗೆ ದಮ್ಮಿನ ಕಾಯಿಲೆ. ಸಿಂಧನೂರಿನ ಆಚೆ ಮುಕ್ಕುಂದ ಅವಳ ತವರು. ಭತ್ತದ ಸೀಮೆಯ ಮಗಳಿಗೆ ಭತ್ತದ ಧೂಳೇ ಆಗದು! ಬಸ್ಸಿನ ಕಿಟಕಿಯಲ್ಲಿ ಅವಳು ಉಸಿರಿಗೆ ಒದ್ದಾಡುವುದನ್ನು ನೋಡಲಾರದೆ ಕಾಕಾ ಹಳೆಯದೊಂದು ಕಾರು ತಂದ. ನಡುದಾರಿಯಲ್ಲಿ ಗಾಡಿ ಕೆಟ್ಟು, ಅದೇ ಹೊತ್ತಿಗೆ ಇವಳಿಗೆ ದಮ್ಮು ಏರಿದರೆ ಏನು ಗತಿ ಎಂಬುದೇ ಅವನ ಹಗಲಿರುಳಿನ ಚಿಂತೆ.

ಮೊದಲ ದಿನ ಚಾವಿ ತಿರುವಿದ ಕೂಡಲೇ ದೀಪಗಳೆಲ್ಲ ಒಟ್ಟಿಗೆ ಹತ್ತಿದವು.

"ಇಳೀರಿ ಎಲ್ಲಾರೂ!" ಎಂದು ಕಾಕಾ ಕೂಗಿದ. ನಾವು ಇಳಿದು ಗೋಡೆಯ ಬದಿಗೆ ಸಾಲಾಗಿ ನಿಂತೆವು. ಕಾರು ಮಾರಿದವನು ಓಡಿ ಬಂದ.

"ಯಜಮಾನ್ರ, ಚಾವಿ ತಿರುವಿದ್ರ ಎಲ್ಲಾ ಹತ್ತತಾವ್ರೀ. ಎಂಜಿನ್ ಚಾಲೂ ಆದ್ರ ಆರತಾವ. ನಾವು ಚಲೋ ಅದೀವಿ ಅಂತ ತೋರಸ್ತಾವ, ಅಷ್ಟ."

ಕಾಕಾನ ಮುಖ ಅರಳಿತು. "ಹಂಗಾರ ಹಾಜರಿ ಹೇಳಾಕತ್ತಾವನ್ನು!"

ಅಂದಿನಿಂದ ದಿನಾ ಬೆಳಿಗ್ಗೆ ದೀಪಗಳ ಹಾಜರಿ. ಒಮ್ಮೆ ಆ ಕೆಂಪು ದೀಪ ಹಾಜರಿಗೇ ಬರಲಿಲ್ಲ, ಬಲ್ಬು ಸುಟ್ಟಿತ್ತು. ಅದನ್ನು ಬದಲಿಸುವವರೆಗೆ ಗಾಡಿ ಅಂಗಳ ದಾಟಲಿಲ್ಲ. ತಂಗಿಯ ಮನೆಯಲ್ಲಿ ಬಸುರಿಗೆ ಮಾಡುವ ಕುಬುಸಕ್ಕೆ ಹೊರಟು ಇಳಕಲ್ ಸೀರೆಯುಟ್ಟು ನಿಂತಿದ್ದ ಕಾಕಿ ಸಿಡುಕಿದಳು.

"ದೀಪ ಹತ್ತಿದ್ರೂ ಇಳಿ ಅಂತೀರಿ, ಹತ್ತದಿದ್ರೂ ಇಳಿ ಅಂತೀರಿ. ನಾ ಏರೂದು ಯಾವಾಗ್ರೀ?"

ಇನ್ನು ಎಣ್ಣೆ ನೋಡುವ ಸಂಭ್ರಮ! ಎಂಜಿನ್ನಿನಿಂದ ಉದ್ದನೆಯ ಕಡ್ಡಿ ಎಳೆದು, ಹೆಗಲ ಟವೆಲಿನಲ್ಲಿ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಎಣ್ಣೆ ಮಾರ್ಕಿಗೆ ಮುಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ವೈದ್ಯರು ನಾಡಿ ನೋಡುವಾಗಲೂ ಇಷ್ಟು ಗಂಭೀರವಾಗಿರುವುದಿಲ್ಲ. ಈ ಚಟ ಅಡಿಗೆಮನೆಗೂ ನುಗ್ಗಿತು. ಒಂದು ದಿನ ಕಾಕಿಯ ಎಣ್ಣೆ ಡಬ್ಬಿಗೆ ಊದಿನಕಡ್ಡಿ ಇಳಿಸಿ, "ಮಾರ್ಕಿನ ಕೆಳಗ ಐತಲ್ಲ, ಮಿರ್ಚಿ ಭಜಿ ಭಾಳ ಆಗ್ಯಾವ" ಎಂದ. ಕಾಕಿ ಸೌಟು ಎತ್ತಿದಳು. ಪೊಲೀಸರಿಗೂ ಹೆದರದ ಗಂಡಸು ಹಿತ್ತಲಿನ ಬಾಗಿಲಿಂದ ಪರಾರಿ!

ಮಸ್ಕಿಯದಂತೂ ಊರಿಗೇ ಗೊತ್ತಾದ ಕಥೆ. ಬಜಾರಿನ ನಟ್ಟನಡುವೆ ಹಳದಿ ದೀಪ ಹತ್ತಿತು, ಎಂಜಿನ್ ಚಿತ್ರದ್ದು. ಕಾಕಾ ಅಲ್ಲೇ ಗಾಡಿ ಬಂದ್ ಮಾಡಿ, ನನ್ನನ್ನೂ ಕಾಕಿಯನ್ನೂ ಇಳಿಸಿ, ಚಹದಂಗಡಿಯ ಮುಂದೆ ನಿಲ್ಲಿಸಿ ಹಾಜರಿ ತೆಗೆದುಕೊಂಡ! ಹಿಂದೆ ಬಸ್ಸು, ಅದರ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಕುರಿಹಿಂಡು. ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿದ.

"ಯಜಮಾನ್ರ, ಹಳದಿ ಅಂದ್ರ ಮುಂದ ಯಾವಾಗರ ಮೆಕ್ಯಾನಿಕ್‌ಗ ತೋರಿಸ್ರಿ ಅಂತ. ನಡುರಸ್ತೆದಾಗ ಕುಂದ್ರು ಅಂತ ಅಲ್ರೀ!"

"ಬಣ್ಣ ನೋಡಿ ಮರ್ಯಾದಿ ಕೊಡೂ ಮನಷ್ಯಾ ಅಲ್ಲಪಾ ನಾ" ಎಂದ ಕಾಕಾ.

ಕೊನೆಗೆ ಮೆಕ್ಯಾನಿಕ್ ಬಂದು ನೋಡಿದರೆ ಇಲಿ ವೈರು ಕಡಿದಿತ್ತು. ಇಲಿ ಬಂದದ್ದು ಡಿಕ್ಕಿಯಲ್ಲಿ ಕಾಕಿ ಇಟ್ಟಿದ್ದ ಶೇಂಗಾದ ಚೀಲಕ್ಕೆ. ಕಾಕಾ ವಿಜಯೋತ್ಸಾಹದಿಂದ ಅವಳ ಕಡೆ ತಿರುಗಿದ.

"ಆ ಶೇಂಗಾದ ಹೋಳಿಗಿ ತಿನ್ನುವಾಗ ಇಲಿ ನೆನಪಾಗಲಿಲ್ಲೇನ್ರೀ?" ಎಂದಳು ಕಾಕಿ. ಚಹದಂಗಡಿಯವರೆಲ್ಲ ಕಾಕಿಯ ಪಕ್ಷವೇ.

ಹೀಗಿರುವಾಗ ಕಳೆದ ಸುಗ್ಗಿಯಲ್ಲಿ ಮುಕ್ಕುಂದದಲ್ಲೊಂದು ಮದುವೆ ಬಂತು. ಕಾಕಿಯ ಅಣ್ಣನ ಮಗಳದು, ಹೋಗದೆ ಇರುವಂತಿಲ್ಲ. ನಾವು ಮೂವರೇ ಹೊರಟೆವು. ಮಸ್ಕಿ ದಾಟುವವರೆಗೆ ಕಾಕಿಯ ಮಾತಿಗೆ ಬ್ರೇಕೇ ಇರಲಿಲ್ಲ. ಮುಂದೆ ಕಾಲುವೆಯ ಸೀಮೆ ಶುರುವಾದಂತೆ ಎರಡೂ ಬದಿಗೆ ಭತ್ತ ಕೊಯ್ಯುವ ಮಷೀನುಗಳು, ಎಲ್ಲಿ ನೋಡಿದರೂ ಹುಲ್ಲು ಸುಟ್ಟ ಹೊಗೆ. ಕಿಟಕಿ ಏರಿಸಿದರೂ ಹೊಗೆ ಒಳಗೆ ಬಂತು. ಕಾಕಿಯ ಮಾತು ನಿಂತಿತು. ಬಾಯಿಗೆ ಹೊಡೆದುಕೊಳ್ಳುವ ಪಂಪು ಹೊಡೆದುಕೊಂಡಳು; ಉಸಿರು ಹಿಡಿತಕ್ಕೆ ಬರಲಿಲ್ಲ. ಅವಳ ತುಟಿ ನೀಲಿಗಟ್ಟತೊಡಗಿತು.

ಎದುರಿಗೆ ಬಂದ ಮಷೀನಿಗೆ ದಾರಿ ಬಿಡಲು ಕಾಕಾ ಗಾಡಿಯನ್ನು ಡಾಂಬರಿನಿಂದ ಕೆಳಗಿಳಿಸಿದ. ಅಡಿಯಲ್ಲಿ ಕಲ್ಲು ಬಡಿದ ಸದ್ದಾಯಿತು. ಗಾಡಿ ಮತ್ತೆ ರಸ್ತೆ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಕೆಂಪು ದೀಪ ಹತ್ತಿತು. ಎಣ್ಣೆಯೆಲ್ಲ ಹಿಂದೆ ರಸ್ತೆಗೆ ಸುರಿಯುತ್ತಿತ್ತು.

ಗಾಡಿ ನಿಂತೇ ನಿಲ್ಲುತ್ತದೆ ಎಂದು ನಾನು ಬಾಗಿಲಿಗೆ ಕೈ ಹಾಕಿದೆ. ಸಿಂಧನೂರು ಇನ್ನೂ ದೂರವಿತ್ತು. ಕಾಕಾ ದೀಪವನ್ನು ನೋಡಿದ. ಕಾಕಿಯನ್ನು ನೋಡಿದ. ಎಕ್ಸಲರೇಟರ್ ತುಳಿದ!

"ಕಾಕಾ, ದೀಪ ಹತ್ತೇತಿ!"

"ಕಂಡೇತಿ. ಸುಮ್ನ ಕುಂದ್ರು."

ಎಂಜಿನ್ ಮೊದಲು ಕಟಕಟ ಅಂದಿತು, ಆಮೇಲೆ ಕಲ್ಲು ಕುಟ್ಟಿದಂತೆ ಬಡಿಯತೊಡಗಿತು. ಒಂದೊಂದು ಬಡಿತವೂ ಕಾಕಾನ ಮುಖದಲ್ಲಿ ಕಾಣುತ್ತಿತ್ತು. ಆದರೂ ಕಾಲು ಮಾತ್ರ ಸಡಿಲಿಸಲಿಲ್ಲ. ಸಿಂಧನೂರಿನ ಆಸ್ಪತ್ರೆಯ ಗೇಟಿನಲ್ಲಿ ಗಾಡಿ ಒಮ್ಮೆ ನರಳಿ ನಿಂತುಬಿಟ್ಟಿತು. ಕಾಕಾ ಬಾಗಿಲು ಹಾಕದೆ, ಹಿಂದೆ ತಿರುಗಿಯೂ ನೋಡದೆ, ಅವಳನ್ನು ಎತ್ತಿಕೊಂಡು ಒಳಗೆ ಓಡಿದ.

ಮೂಗಿಗೆ ಮಾಸ್ಕು ಹಾಕಿ ಔಷಧದ ಹಬೆ ಕೊಟ್ಟರು. ಬಹಳ ಹೊತ್ತಿನ ಮೇಲೆ ಕಾಕಿಯ ಎದೆಯ ಏರಿಳಿತ ಹದಕ್ಕೆ ಬಂತು. ಅಷ್ಟರಲ್ಲಿ ನಾನು ಕರೆಸಿದ ಮೆಕ್ಯಾನಿಕ್ ಗಾಡಿ ನೋಡಿ ತಲೆ ಅಲ್ಲಾಡಿಸಿದ್ದ. ಎಂಜಿನ್ ಪೂರ್ತಿ ಹಿಡಿದಿದೆ, ಇನ್ನು ಕೆಲಸಕ್ಕೆ ಬಾರದು ಎಂದಿದ್ದ. ಅದನ್ನು ಕಾಕಾನ ಕಿವಿಯಲ್ಲಿ ಹೇಳಿದೆ. ಅವನು ಕಾಕಿಯ ಹೊದಿಕೆ ಸರಿಮಾಡಿದ.

ಕಾಕಿ ಕಣ್ಣು ತೆರೆದು, ಮಾಸ್ಕನ್ನು ತುಸು ಸರಿಸಿದಳು.

"ಗಾಡಿ ಎಲ್ಲೈತ್ರೀ? ದೀಪ ಗೀಪ ಹತ್ತಿಲ್ಲ, ಹೌದಿಲ್ಲೋ?"

ಗಾಡಿ ಗೇಟಿನಲ್ಲಿ ಬಾಗಿಲು ತೆರೆದುಕೊಂಡು ಸುಡು ಬಿಸಿಲಿನಲ್ಲಿ ನಿಂತಿತ್ತು. ಕಾಕಾ ಮಾಸ್ಕನ್ನು ಮತ್ತೆ ಅವಳ ಮೂಗಿಗೆ ಸರಿಯಾಗಿ ಕೂರಿಸಿದ.

"ಯಾವ ದೀಪಾನೂ ಹತ್ತಿಲ್ಲ. ಗಿಡದ ನೆರಳಾಗ ಆರಾಮ ನಿಂತೈತಿ" ಎಂದ. "ನೀ ಉಸುರು ತಗೋ."